ಚಾಕುವಿಗೆ ಹಾಕಿದ ಕೌದಿ ಹೊಲಿಗೆ

ನನ್ನ ಮೊಮ್ಮಗಳು ಪಾಸಾದಳು. ಇನ್ನು ಅವಳು ಮಂದಿಯನ್ನು ದೋಣಿಯಲ್ಲಿ ಕೂರಿಸಿಕೊಂಡು, ತಾನೇ ಹಿರಿಯಾಳಾಗಿ ಹೊಳೆಗೆ ಇಳಿಯಬಹುದು. ನಿನ್ನೆ ಮಧ್ಯಾಹ್ನ ದಾಂಡೇಲಿ ಕಡೆಯ ಹೊಳೆದಂಡೆಯಲ್ಲಿ ನನ್ನ ಕಣ್ಣೆದುರಿಗೇ ಪರೀಕ್ಷೆ ಮುಗಿಯಿತು. ಇವತ್ತು ಬೆಳಿಗ್ಗೆ ಹಾಲಿನವನಿಗೆ ಹೇಳಿದೆ, ಎದುರು ಮನೆಯವರಿಗೆ ಹೇಳಿದೆ, ಹೂವಿನವಳಿಗೆ ಎರಡು ಸಲ ಹೇಳಿದೆ. ಎರಡನೇ ಸಲ ಅವಳು ನಕ್ಕು ಒಂದು ಮೊಳ ಹೂವು ಹೆಚ್ಚಿಗೆ ಕೊಟ್ಟಳು. ಹೇಳಿ ಹೇಳಿ ಮುಗಿಯಲೊಲ್ಲದು, ಅದಕ್ಕೇ ಬರೆಯಲು ಕುಳಿತೆ.

ನಮ್ಮದು ನೀರಿನ ಮನೆತನವಲ್ಲ. ನನ್ನ ತವರು ಅಮ್ಮಿನಬಾವಿ, ಎರೆ ಹೊಲದ ಊರು. ನನ್ನನ್ನು ಕೊಟ್ಟದ್ದು ಬೆಂಗೇರಿಗೆ, ಕಾಳಿನ ಅಂಗಡಿಯವರ ಮನೆಗೆ. ನೀರೆಂದರೆ ನಮಗೆ ನಳ ಬಂದ ದಿನ ತುಂಬಿಡುವ ಕೊಡ, ಹಂಡೆ, ಬ್ಯಾರಲ್ಲು. ಇಂಥ ಮನೆಯ ಹುಡುಗಿಗೆ ಹೊಳೆಯ ಹುಚ್ಚು ಎಲ್ಲಿಂದ ಹತ್ತಿತೋ ಏನೋ. ಕಾಲೇಜಿನ ಗೆಳತಿಯರ ಜೊತೆ ಒಂದು ಸಲ ಹೋಗಿ ರಬ್ಬರಿನ ದೋಣಿಯಲ್ಲಿ ಹುಟ್ಟು ಹಾಕಿ ಬಂದಳು, ಅಷ್ಟೇ. ಡಿಗ್ರಿ ಮುಗಿಸಿದವಳೇ ಮಂದಿಗೆ ದೋಣಿ ನಡೆಸುವ ಕೆಲಸ ಕಲಿಯುತ್ತೇನೆಂದು ಹಟ ಹಿಡಿದಳು. ಅವಳಪ್ಪ, ಅಂದರೆ ನನ್ನ ಮಗ, ಮನಸ್ಸಿಲ್ಲದ ಮನಸ್ಸಿನಿಂದ ಹೂಂ ಅಂದ.

ಕಲಿಯಲು ಹತ್ತಿ ಕೆಲವು ತಿಂಗಳಾದ ಮೇಲೆ ಒಂದು ಕೆಂಪು ಲೈಫ್ ಜಾಕೆಟ್ ತಂದು ನನ್ನ ಹೊರಸಿನ ಮೇಲೆ ಹಾಕಿದಳು. ತೋಳಿಲ್ಲದ ದಪ್ಪ ಅಂಗಿ. ಅದರ ಮೈತುಂಬ ಸಾಮಾನು. ಒಂದು ಸೀಟಿ, ಒಂದು ಉಕ್ಕಿನ ಕೊಂಡಿ, ಮಡಚಿದ ಅಂಗೈಯಲ್ಲಿ ಹಿಡಿಯುವಷ್ಟು ಕನ್ನಡಿ, ಚಿಕ್ಕ ದೀಪ, ಎದೆಯ ಮೇಲೆ ಒರೆಯೊಳಗೊಂದು ಚಾಕು. ಸೊಂಟಕ್ಕೆ ಕಟ್ಟಿಕೊಳ್ಳಲು ಬೇರೆಯೇ ಒಂದು ಚೀಲ, ಅದರೊಳಗೆ ಹಗ್ಗ. ಬಳೆಗಾರನ ಗಂಟು ಬಿಚ್ಚಿದಂತೆ ಒಂದೊಂದೇ ತೆಗೆದು ತೋರಿಸಿದಳು.

"ಚಾಕು ಯಾಕ? ಮೀನ ಕೊಯ್ಯಾಕೇನು? ನಮ್ಮ ಮನ್ಯಾಗ ಉಳ್ಳಾಗಡ್ಡಿ ಕೊಯ್ದೇ ಸಾಕಾಗೇತಿ" ಅಂದೆ.

"ಹಗ್ಗದಾಗ ಯಾರದರ ಕಾಲು ಸಿಕ್ಕೊಂಡ್ರ ಹಗ್ಗ ಕೊಯ್ಯಾಕ, ಆಯಿ."

ಹೊಳೆಯ ಸಪ್ಪಳದಲ್ಲಿ ಕೂಗಿದರೆ ಕೇಳುವುದಿಲ್ಲವಂತೆ, ಅದಕ್ಕೆ ಸೀಟಿ. ಅದರೊಳಗೆ ಗುಂಡು ಇರಬಾರದಂತೆ, ನೀರು ಹೊಕ್ಕರೆ ಗುಂಡು ಅಂಟಿಕೊಂಡು ದನಿಯೇ ಹೊರಡುವುದಿಲ್ಲ. ದೂರದ ದಂಡೆಯಲ್ಲಿದ್ದವರಿಗೆ ಬಿಸಿಲು ಹೊಳೆಯಿಸಿ ಕರೆಯಲು ಕನ್ನಡಿ. ನಾನು ಬಾಯಿ ತೆರೆದು ಕೇಳುತ್ತಿದ್ದೆ.

ಮೊದಲ ಪರೀಕ್ಷೆಗೆ ಹೋಗುವ ಹಿಂದಿನ ದಿನ ಅವಳು ಪೇಟೆಗೆ ಹೋಗಿದ್ದಳು. ಅಂಗಿ ಹೊರಸಿನ ಮೇಲಿತ್ತು. ಚಾಕುವಿನ ಹಿಡಿ ಮುಟ್ಟಿ ನೋಡಿದೆ, ಒಂದೇ ಎಳೆತಕ್ಕೆ ಕೈಗೆ ಬಂತು. ನಾವು ಎದೆಯ ಮೇಲೆ ಲಿಂಗ ಕಟ್ಟಿಕೊಳ್ಳುವ ಮಂದಿ. ಶಿವದಾರ ಸವೆಯುವ ಮೊದಲೇ ಬದಲಿಸಬೇಕು, ಎದೆಯ ಮೇಲಿದ್ದದ್ದು ಜಾರಿ ಬೀಳಬಾರದು ಅಂತ ಸಣ್ಣಂದಿನಿಂದ ಹೇಳಿಸಿಕೊಂಡು ಬೆಳೆದವಳು ನಾನು. ಇಷ್ಟು ಸಡಿಲ ಇದ್ದರೆ ಹೊಳೆ ಬಿಟ್ಟೀತೇ? ಸೂಜಿ ತಗೊಂಡೆ.

ನನ್ನ ಕೌದಿ ಹೊಲಿಗೆಗೆ ನಮ್ಮ ಓಣಿಯಲ್ಲಿ ಹೆಸರಿದೆ. ಹಳೆ ಸೀರೆಗಳನ್ನು ಪದರ ಪದರ ಕೂಡಿಸಿ ಹೊಲಿದರೆ ಬಟ್ಟೆ ಹರಿದೀತು, ಹೊಲಿಗೆ ಬಿಡುವುದಿಲ್ಲ. ಎರಡೆಳೆ ದಾರದಲ್ಲಿ ಚಾಕುವಿನ ಹಿಡಿಯನ್ನು ಒರೆಗೆ ಸೇರಿಸಿ ಸುತ್ತಿ ಹೊಲಿದೆ. ಸೀಟಿಯನ್ನು ಜೇಬಿಗೆ ಒತ್ತಿ ಹೊಲಿದೆ. ಚಂದ ಕಾಣಲೆಂದು ಕೌದಿಯ ಮೂಲೆಗೆ ಇಡುವಂತೆ ಮೂರು ಮೂಲೆಯ ಒಂದು ಹಸಿರು ತುಂಡನ್ನೂ ಇಟ್ಟೆ. ಮೊಮ್ಮಗಳಿಗೆ ಹೇಳಲಿಲ್ಲ. ಹೊಳೆಯಲ್ಲಿ ನೋಡಿ ತಾನೇ ಖುಷಿಪಡಲಿ ಅಂದುಕೊಂಡೆ.

ನೋಡಿದಳು. ದಂಡೆಯಲ್ಲಿ ಸಾಲಾಗಿ ನಿಲ್ಲಿಸಿ, ನೀರಿಗಿಳಿಯುವ ಮೊದಲು ಒಂದೇ ಕೈಯಿಂದ ಚಾಕು ತೆಗೆಯಿರಿ ಅಂದರಂತೆ ಪರೀಕ್ಷೆಯ ಸರ್. ಇವಳು ಎಳೆದಳು, ಬರಲಿಲ್ಲ. ಸೀಟಿ ಊದಿರಿ ಅಂದರು. ಅದು ಬಾಯಿಗೇ ಮುಟ್ಟಲಿಲ್ಲ. ತನ್ನ ಅಂಗಿಯನ್ನೇ ನೋಡಿಕೊಳ್ಳದವಳ ಕೈಯಲ್ಲಿ ಇನ್ನೊಬ್ಬರ ಜೀವ ಹೇಗೆ ಕೊಡಲಿ ಎಂದು ಅವಳನ್ನು ಬದಿಗೆ ನಿಲ್ಲಿಸಿದರು. ಹೊಳೆಗೆ ಕಾಲಿಡದೆ ಮನೆಗೆ ಬಂದಳು.

ಅಪ್ಪ ಕೇಳಿದಾಗ, ನಾನು ಸರಿಯಾಗಿ ನೋಡಿಕೊಂಡಿರಲಿಲ್ಲ ಅಂದಳೇ ಹೊರತು ನನ್ನ ಸುದ್ದಿ ತೆಗೆಯಲಿಲ್ಲ. ಆದರೆ ಹೊರಸಿನ ಮೇಲಿನ ಅಂಗಿಯಲ್ಲಿ ನನ್ನ ಹಸಿರು ತುಂಡು ಕಾಣುತ್ತಿತ್ತಲ್ಲ. ನಾನೇ ಮಗನ ಮುಂದೆ ನಿಂತು ಒಪ್ಪಿಕೊಂಡೆ. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ಇನ್ನೊಂದ್ ಸಲ ಹೋಗು. ಅದೂ ಆಗಲಿಲ್ಲಂದ್ರ ಈ ಮನ್ಯಾಗ ಹೊಳಿ ಮಾತು ಬ್ಯಾಡ. ಅಂಗಡಿ ನೋಡಿಕೋ" ಅಂದ.

ಅವತ್ತು ನನಗೆ ಊಟ ಸೇರಲಿಲ್ಲ. ಮೊಮ್ಮಗಳೇ ಪಕ್ಕಕ್ಕೆ ಬಂದು ಕೂತಳು.

"ಹೊಲಿದಿದ್ದು ನಿನ್ನ ತಪ್ಪಲ್ಲ ಆಯಿ. ನೋಡದ ಹಾಕ್ಕೊಂಡಿದ್ದು ನನ್ನ ತಪ್ಪು. ಈಗ ಬಿಚ್ಚು. ಬಿಚ್ಚಿ ನೀನ ನನ್ನ ಪರೀಕ್ಷಾ ತಗೋ."

ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಪುಣ್ಯಕ್ಕೆ ನನ್ನ ಸೂಜಿ ಜೇಬಿನ ಬಟ್ಟೆಯಲ್ಲೇ ಓಡಾಡಿತ್ತು. ಒಳಗಿನ ತೇಲುವ ಪದರಕ್ಕೆ ಚುಚ್ಚಿದ್ದರೆ ಅಂಗಿಯನ್ನೇ ಎಸೆಯಬೇಕಿತ್ತಂತೆ. ಮುಂದೆ ಒಯ್ದು ತೋರಿಸಿದಾಗ ಸರ್ ಕೂಡ ಅದನ್ನು ಹಿಂದೆ ಮುಂದೆ ಹೊರಳಿಸಿ ನೋಡಿ ನಡೆಯುತ್ತದೆ ಅಂದರು.

ಆಮೇಲೆ ದಿನಾ ಬೆಳಿಗ್ಗೆ ಅಂಗಳದಲ್ಲಿ ನಾನೇ ಸರ್. ಕಣ್ಣು ಮುಚ್ಚು ಅನ್ನುತ್ತಿದ್ದೆ, ಚಾಕು ಅನ್ನುತ್ತಿದ್ದೆ. ಎಡಗೈಯಿಂದಲೂ ತೆಗೆಯಬೇಕು, ಒದ್ದೆ ಕೈಯಿಂದಲೂ ತೆಗೆಯಬೇಕು. ಅವಳ ಅಂಗೈಗೆ ನೀರು ಸುರುವಿ ತೆಗೆಸಿದೆ, ಎಣ್ಣೆ ಹಚ್ಚಿಯೂ ತೆಗೆಸಿದೆ. ಹಗ್ಗ ಎಸೆಯುವ ಅಭ್ಯಾಸಕ್ಕೆ ನಾನು ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತು ಮುಳುಗುವವಳಾಗುತ್ತಿದ್ದೆ. ಎಸೆಯುವ ಮೊದಲು ಹಗ್ಗ ಎಂದು ಕೂಗಬೇಕು, ನೀರಲ್ಲಿದ್ದವರು ತಿರುಗಿ ನೋಡಲೆಂದು. ಅವಳು ಕೂಗಿದೊಡನೆ ನಾನು ಎರಡೂ ಕೈ ಎತ್ತುತ್ತಿದ್ದೆ. ಒಂದು ಸಲ ಹಗ್ಗದ ಚೀಲ ಗೋಡೆ ಹಾರಿ, ಪಕ್ಕದ ಮನೆಯಾಕೆ ಒಣಗಿಸಿದ್ದ ಸಂಡಿಗೆಯ ಮೇಲೆ ಬಿತ್ತು.

"ಮುದುಕಿ ಮುಳುಗಿದ್ರ ಮುಳುಗಲಿ, ನನ್ನ ಸಂಡಿಗಿ ಉಳಸ್ರಿ" ಅಂದಳು ಅವಳು ಗೋಡೆಯಾಚೆಯಿಂದ. ನಕ್ಕು ನಕ್ಕು ನನಗೆ ಕುರ್ಚಿಯಿಂದ ಏಳಲಾಗಲಿಲ್ಲ.

ನಿನ್ನೆ ನಾನೂ ಹೋದೆ. ಮಗ ಅಂಗಡಿ ಮುಚ್ಚಿ ಕಾರು ಹೊಡೆದ. ಹೊಳೆ ನೋಡಿದೊಡನೆ ಮಗನ ತೋಳು ಹಿಡಿದುಕೊಂಡೆ. ಅಷ್ಟು ನೀರು ಒಮ್ಮೆಲೇ ಓಡುವುದನ್ನು ನಾನು ನೋಡಿರಲೇ ಇಲ್ಲ. ನನ್ನ ಅಂಗಳದ ಪರೀಕ್ಷೆ ಯಾವ ಮೂಲೆಗೆ ಅನ್ನಿಸಿತು.

ಸರ್ ಅಂಗಿ ನೋಡಿದರು. ಕೇಳುವ ಮೊದಲೇ ಚಾಕು ಅವಳ ಕೈಯಲ್ಲಿತ್ತು. ಸೀಟಿ ಊದಿದಳು, ಆಚೆ ದಂಡೆಯ ಕೊಕ್ಕರೆ ಎದ್ದು ಹಾರಿತು. ದೋಣಿ ನಡೆಸಿಯೂ ಬಂದಳು. ಕೊನೆಗೆ ಒಬ್ಬ ಈಜುಗಾರ ಮೇಲಿನಿಂದ ತೇಲುತ್ತ ಬರುತ್ತಾನೆ, ದಂಡೆಯಿಂದ ಹಗ್ಗ ಎಸೆದು ಎಳೆಯಬೇಕು. ಕೆಳಗಿನ ಬಂಡೆ ದಾಟಿ ಹೋದರೆ ಮುಗಿಯಿತು.

ಅವಳು ಕೂಗಿ ಎಸೆದಳು. ಹಗ್ಗ ಒಂದು ಮಾರು ಹಿಂದೆ ಬಿತ್ತು. ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದಿದ್ದವು. ಈಜುಗಾರ ಬಂಡೆಯ ಕಡೆಗೆ ಸಾಗಿದ. ಅವಳು ಹಗ್ಗವನ್ನು ಸುತ್ತುತ್ತ ಕೂರಲಿಲ್ಲ. ಸರಸರನೆ ಎಳೆದು ಕಾಲ ಬಳಿ ಗುಪ್ಪೆ ಹಾಕಿ, ದಂಡೆಗುಂಟ ನಾಲ್ಕು ಹೆಜ್ಜೆ ಓಡಿ, ಮತ್ತೆ ಎಸೆದಳು. ಈ ಸಲ "ಹಗ್ಗ" ಎಂದು ಕೂಗಿದ್ದು ಅವಳೊಬ್ಬಳೇ ಅಲ್ಲ. ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಮಗನೂ ಕೂಗಿದ್ದ. ಈಜುಗಾರ ಹಿಡಿದ. ಅವಳು ಕುಕ್ಕರಗಾಲಲ್ಲಿ ಕೂತು, ಹಿಮ್ಮಡಿ ಮಣ್ಣಿಗೊತ್ತಿ ಎಳೆದು ತಂದಳು.

ಮೊದಲ ಸಲ ತಪ್ಪುವುದು ಎಲ್ಲರಿಗೂ ಇದ್ದದ್ದೇ, ಎರಡನೇ ಸಲ ಎಷ್ಟು ಬೇಗ ಎಸೆಯುತ್ತಾರೆ ಅನ್ನುವುದನ್ನೇ ನಾನು ನೋಡುವುದು ಅಂದರು ಸರ್. ಪಾಸು ಅಂದರು. ನಾನು ಅವರಿಗೆ ಕೈ ಮುಗಿದೆ, ಈಜುಗಾರನಿಗೂ ಮುಗಿದೆ.

ಮಗ ನೀರಿನಂಚಿಗೆ ಇಳಿದು ಕೈ ಅದ್ದಿ ನೋಡಿದ. ಆಮೇಲೆ ಮಗಳ ಹತ್ತಿರ ಹೋಗಿ, "ನನ್ನ ಅಳತಿ ಇಂಥಾ ಅಂಗಿ ಸಿಗ್ತಾವೇನು? ಐತ್ವಾರ ಅಂಗಡಿ ಸೂಟಿ ಇರ್ತೇತಿ" ಅಂದ.

ಸೊಸೆಗೆ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ಕತ್ತಲಾಗುವ ಹೊತ್ತಿಗೆ ಮನೆ ಸೇರಿದರೆ ಬಾಗಿಲಿಗೇ ಹೋಳಿಗೆಯ ವಾಸನೆ. ಎಣಗಾಯಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಯಾರೂ ಬಡಿಸುವವರಾಗಿ ನಿಲ್ಲುವುದು ಬೇಡ ಎಂದು ಪಾತ್ರೆಗಳನ್ನೆಲ್ಲ ನಡುವೆ ಇಟ್ಟುಕೊಂಡು ನಾಲ್ವರೂ ಸುತ್ತಲೂ ಕೂತೆವು. ಮೊಮ್ಮಗಳು ರೊಟ್ಟಿ ಮುರಿಯಲು ಹೋಗಿ ಕೈ ಹಿಂದಕ್ಕೆಳೆದುಕೊಂಡಳು. ಹಗ್ಗ ಉಜ್ಜಿ ಅಂಗೈ ಎರಡೂ ಕೆಂಪಾಗಿದ್ದವು. ಅವಳಪ್ಪ ಅವಳ ತಾಟನ್ನು ತನ್ನ ಕಡೆಗೆ ಸರಿಸಿಕೊಂಡು, ಹೋಳಿಗೆ ಮುರಿದು ತುಪ್ಪದಲ್ಲಿ ಕಲಸಿ, ಒಂದು ತುತ್ತು ಅವಳ ಬಾಯಿಗಿಟ್ಟ. ಆಮೇಲೆ ತಾನೊಂದು ತಿಂದ. ಸೊಸೆ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು. ಬೇಡ ಅನ್ನಲಿಲ್ಲ ನಾನು.