ಕೋಳಿಯ ಅಂಗಾಲು ಓದುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಬಂದರಿನ ಶೈತ್ಯಾಗಾರಕ್ಕೆ ಅಂಟಿಕೊಂಡ ತಪಾಸಣಾ ಕೋಣೆಯಲ್ಲಿ ಒಂದು ಸ್ಟೀಲ್ ಮೇಜು, ತಣ್ಣೀರಿನ ತೊಟ್ಟಿ, ಮೆತ್ತನೆಯ ಬ್ರಶ್ಶು. ತೊಟ್ಟಿಯೊಳಗೆ ನೂರು ಕೋಳಿಪಾದಗಳು ಮೆಲ್ಲನೆ ಹಿಮ ಬಿಡುತ್ತಿವೆ. ಅದರ ಸುತ್ತ ಒಬ್ಬ ಹೆಂಗಸು ಕಾಲು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದಾರೆ.

"ಕೂತ್ಕೊಳ್ಳಿ ಕಾಲಕ್ಕ. ನೀವು ಸುತ್ತಿದ್ರೆ ಬೇಗ ಕರಗುತ್ತಾ?" ಪೆಟ್ಟಿಗೆ ಇಳಿಸುವ ಹಮಾಲ ಕಿಚಾಯಿಸುತ್ತಾನೆ.

"ಕೂತ್ರೆ ಕೈ ಸುಮ್ನಿರಲ್ಲಪ್ಪ. ಅರೆಬರೆ ಕರಗಿರುವಾಗ್ಲೇ ಉಜ್ಜಿಬಿಡ್ತೀನಿ."

ಕಾಲಕ್ಕ ಎಂಬುದು ಬಂದರಿನವರು ಇಟ್ಟ ಹೆಸರು. ಹೊರದೇಶದಿಂದ ಬರುವ ಕೋಳಿ ಬದುಕಿದ್ದಾಗ ಹೇಗಿತ್ತು ಎಂದು ನೋಡುವುದು ಇವರ ಕೆಲಸ. ಇಲ್ಲಿನ ಸಾಕಣೆದಾರರಿಗಿರುವ ನಿಯಮವೇ ಈಗ ಹೊರಗಿನವರಿಗೂ ಇದೆ. ತನ್ನದೇ ಹಿಕ್ಕೆಯ ಒದ್ದೆಯಲ್ಲಿ ದಿನಗಟ್ಟಲೆ ನಿಂತ ಕೋಳಿಯ ಅಂಗಾಲು ಸುಟ್ಟಂತೆ ಕಪ್ಪಾಗಿ ಹುಣ್ಣಾಗುತ್ತದೆ. ಕಂಟೇನರಿನಿಂದ ಆರಿಸಿದ ನೂರು ಪಾದಗಳಲ್ಲಿ ಅಂಥವು ಹತ್ತನ್ನು ಮೀರಿದರೆ ಇಡೀ ಕಂಟೇನರ್ ವಾಪಸ್.

"ಪ್ರಮಾಣಪತ್ರದಲ್ಲಿ ಎಲ್ಲಾ ಚೆಂದ. ಫೋಟೋದಲ್ಲಿ ಕೋಳೀನೂ ನಗ್ತಾ ಇರುತ್ತೆ. ಪಾದ ಮಾತ್ರ ತಾನು ನಿಂತ ನೆಲ ಯಾವ್ದು ಅಂತ ಹೇಳ್ಬಿಡುತ್ತೆ," ಎನ್ನುತ್ತಾರೆ.

ಹತ್ತೊಂಬತ್ತು ವರ್ಷದ ಸೇವೆ. ದಿನಕ್ಕೆ ನಾಲ್ಕು ಕಂಟೇನರ್, ನಾನೂರು ಪಾದ. ಬೆರಳ ತುದಿಗಳು ಎಂದೋ ಮರಗಟ್ಟಿವೆ. ಮನೆಯಲ್ಲಿ ಬಿಸಿ ಲೋಟ ಹಿಡಿದರೂ ಅರಿವಾಗದು, ಮಗಳು "ಅಮ್ಮಾ, ಸುಡುತ್ತೆ!" ಎಂದು ಕೂಗಿದ ಮೇಲೆ ಕೆಳಗಿಡುತ್ತಾರೆ.

ಇಂದು ಹಿಮದ ಅಡಿಯಲ್ಲೇ ಇಪ್ಪತ್ತಮೂರು ಪಾದ ಕಪ್ಪಾಗಿ ಕಾಣುತ್ತಿವೆ. ಆದರೂ ಕಾಲಕ್ಕ ಬಾಯಿ ಬಿಡುತ್ತಿಲ್ಲ. ಹೋದ ವರ್ಷ ಹೀಗೆಯೇ ಕಂಡ ಕಪ್ಪನ್ನು ನಂಬಿ, ಕರಗಲು ಬಿಡದೆ ಒಂದು ಕಂಟೇನರ್ ತಡೆದಿದ್ದರು. ಆಮೇಲೆ ತೊಳೆದು ನೋಡಿದರೆ ಶೆಡ್ಡಿಗೆ ಹಾಸಿದ ಕರಿಮಣ್ಣಿನ ಕಲೆ. "ಹುಣ್ಣಲ್ಲ, ಬರೀ ಕೊಳೆ! ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು," ಎನ್ನುವಾಗ ಈಗಲೂ ತಲೆ ತಗ್ಗುತ್ತದೆ. ಇನ್ನೊಂದು ತಪ್ಪಾದರೆ ಪಾದ ಎಣಿಸುವ ಪದ್ಧತಿಯನ್ನೇ ಕೈಬಿಟ್ಟು ಪ್ರಮಾಣಪತ್ರ ನೋಡಿ ಸಾಗಹಾಕುತ್ತೇವೆ ಎಂದು ಮೇಲಧಿಕಾರಿ ಕಡ್ಡಿ ಮುರಿದಂತೆ ಹೇಳಿದ್ದಾರೆ.

ಅವರದೇ ಫೋನು ಬರುತ್ತದೆ. "ಏನಮ್ಮಾ, ಲಾರಿಗಳು ಸಾಲುಗಟ್ಟಿವೆ. ತಡೆಯೋದಾದ್ರೆ ತಡೀರಿ, ಇಲ್ಲಾ ಬಿಡಿ."

"ಕರಗ್ಲಿ ಸಾರ್."

ಅದರ ಬೆನ್ನಿಗೇ ತಮ್ಮನ ಕರೆ. ಅವನೂ ಕೋಳಿ ಸಾಕುವವನೇ. ನಿಯಮ ಬಂದ ಮೇಲೆ ಕೋಳಿಗಳನ್ನು ಅರ್ಧಕ್ಕಿಳಿಸಿ, ದಿನಾ ಬೆಳಗ್ಗೆ ಶೆಡ್ಡಿನ ನೆಲದ ಹಾಸು ಒಣಗಿಸುತ್ತಾನೆ. "ನಾವಿಲ್ಲಿ ಬೆನ್ನು ಮುರ್ಕೊಳ್ಳೋದು, ಅವ್ರು ಎಂಥದ್ದೋ ತಂದು ಸುರಿಯೋದು. ಇವತ್ತು ತಡೀತೀಯಲ್ಲ ಅಕ್ಕ?"

"ಪಾದ ಏನು ಹೇಳುತ್ತೋ ಕೇಳ್ತೀನಿ, ಇರೋ ಮಾರಾಯ."

ಎರಡು ಗಂಟೆ ಕಳೆದ ಮೇಲೆ ಬ್ರಶ್ಶು ಆಡತೊಡಗುತ್ತದೆ. ಒಂದರ ಕಪ್ಪು ನೀರಿಗೆ ಬಿಡುತ್ತದೆ. ಇನ್ನೊಂದರದು ಬಿಡದು, ಅಡಿಯಲ್ಲಿ ಗುಳಿಬಿದ್ದ ಹುಣ್ಣು. ಕಾಲಕ್ಕ ಹುಣ್ಣಿನದನ್ನು ಎಡಕ್ಕೆ, ಬರೀ ಕೊಳೆಯದನ್ನು ಬಲಕ್ಕೆ ಇಡುತ್ತಾರೆ. ನೂರೂ ಮುಗಿದಾಗ ಮೇಜಿನ ಎಡಕ್ಕೆ ಉಳಿದವು ಒಂಬತ್ತು. ಮತ್ತೆ ಎಣಿಸುತ್ತಾರೆ. ಮೂರನೆಯ ಸಲವೂ ಒಂಬತ್ತೇ. ಬಿಡುಗಡೆಯ ಹಾಳೆಗೆ ಸಹಿ ಬೀಳುತ್ತದೆ.

"ಬಿಟ್ಟೇಬಿಟ್ಯಾ?" ತಮ್ಮ ಫೋನಿನಲ್ಲಿ ಸಿಡುಕುತ್ತಾನೆ. "ನೀನು ಒಡಹುಟ್ಟಿದವ್ಳು ಅಂದ್ಕೊಂಡಿದ್ದೆ."

"ಹೋದ ತಿಂಗಳು ಕಸಾಯಿಖಾನೇಲಿ ನಿನ್ನ ಕೋಳೀಗೂ ಒಂಬತ್ತೇ ಬಂದಿದ್ದು. ಆಗ ಬಾಯಿ ಸಿಹಿಯಾಗಿತ್ತಲ್ಲ?"

ಆ ಕಡೆಯಿಂದ ಒಂದು "ಹೂಂ".

ಲಾರಿಗಳು ಹೊರಟಿವೆ. ಆದರೂ ಕಾಲಕ್ಕನ ಸುತ್ತಾಟ ನಿಂತಿಲ್ಲ.

"ಇನ್ನೇನಕ್ಕ, ಮುಗೀತಲ್ಲ?" ಹಮಾಲ ಕೇಳುತ್ತಾನೆ.

ಒಂಬತ್ತರಲ್ಲಿ ಒಂದನ್ನು ಅಂಗೈ ಮೇಲಿಟ್ಟು ಅವನಿಗೆ ತೋರಿಸುತ್ತಾರೆ. ಮಲಗಿದ ಮಗುವನ್ನು ಎತ್ತಿಕೊಂಡಷ್ಟು ಜೋಪಾನ. "ಇದು ನಡೆದಾಗೆಲ್ಲ ನೊಂದಿರ್ಬೇಕು. ದೇವ್ರು ಕೊಟ್ಟ ಜೀವ. ಹತ್ತರ ಒಳಗಿದೀನಿ ಅಂತ ಇದಕ್ಕೇನು ಗೊತ್ತು?"

ನಿವೃತ್ತಿಗೆ ಇನ್ನು ಆರು ವರ್ಷವಿದೆ. ಏನಾದರೂ ಆಸೆಯಿದೆಯೇ ಎಂದರೆ ಕೈ ಒರೆಸಿಕೊಳ್ಳುತ್ತ ನಗುತ್ತಾರೆ.

"ಅಷ್ಟರೊಳಗೆ ಆ ಹತ್ತನ್ನ ಐದಕ್ಕೆ ಇಳಿಸ್ಲಿ. ಹೊರಗಿನವ್ರಿಗೂ, ಇಲ್ಲಿಯವ್ರಿಗೂ. ಮೊದ್ಲು ಬಯ್ಯೋನು ನನ್ ತಮ್ಮನೇ. ಬಯ್ಕೊಳ್ಳಲಿ ಬಿಡಿ."