ನನ್ನ ಎಡಗಾಲಿನ ಕಬಡ್ಡಿ

ನಾನು ಓದು ನಿಲ್ಲಿಸಿದ್ದು ೧೯೯೬ರಲ್ಲಿ, ಒಂಬತ್ತನೇ ತರಗತಿಯ ನಡುವೆ. ಆಮೇಲೆ ನನಗೆ ಯಾರೂ ಏನನ್ನೂ ಕಲಿಸಿಲ್ಲ ಎಂದು ಬಹಳ ಕಾಲ ಜಂಬದಿಂದ ಹೇಳಿಕೊಂಡು ತಿರುಗಿದೆ. ಲೇತ್ ಕೆಲಸವನ್ನು ನೋಡಿ ಕಲಿತೆ, ವ್ಯಾಪಾರವನ್ನು ಮೋಸಹೋಗಿ ಕಲಿತೆ, ಕಬಡ್ಡಿಯನ್ನು ಬಿದ್ದು ಕಲಿತೆ. ಆದರೆ ನಲವತ್ತು ದಾಟಿದ ಮೇಲೆ ನಾನೊಂದು ವಿದ್ಯೆಯನ್ನು ಫೀಸು ಕೊಟ್ಟು ಕಲಿಯಬೇಕಾಯಿತು. ಅದು ನಿಂತುಕೊಳ್ಳುವ ವಿದ್ಯೆ. ನಗಬೇಡಿ. ನಿಮಗೆ ಅದು ಬರುತ್ತದೆ ಎಂದು ನೀವು ಹೇಗೆ ಅಷ್ಟು ಖಾತ್ರಿಯಾಗಿ ನಂಬಿದ್ದೀರಿ?

ತಪ್ಪೆಲ್ಲ ನನ್ನ ಎಡಗಾಲಿನದು. ಕಾಲಿನದೂ ಅಲ್ಲ, ಪಾದಕ್ಕೂ ಕಾಲಿಗೂ ನಡುವೆ ಇರುವ ಆ ಸಣ್ಣ ಗಂಟಿನದು. ಮನುಷ್ಯರು ಕಣ್ಣನ್ನು ಹೊಗಳುತ್ತಾರೆ, ತೋಳನ್ನು ಹೊಗಳುತ್ತಾರೆ, ಮೀಸೆಯನ್ನು ಸಹ ಹೊಗಳುತ್ತಾರೆ. ಪಾದದ ಗಂಟನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಅದರ ಮೇಲೆ ಗೆಜ್ಜೆ ಕಟ್ಟಿ ಗೆಜ್ಜೆಯನ್ನು ಹೊಗಳುತ್ತಾರೆ. ನಮ್ಮ ಪೀಣ್ಯದಲ್ಲಿ ಆಯುಧಪೂಜೆ ಬಂದರೆ ಲೇತಿಗೆ ಕುಂಕುಮ, ಸ್ಪ್ಯಾನರಿಗೆ ಕುಂಕುಮ, ತಕ್ಕಡಿಗೆ ಕುಂಕುಮ. ಹಿಂದಿನ ಬಾಗಿಲಲ್ಲಿ ಒರಗಿಸಿಟ್ಟ ಪೊರಕೆಗೂ ಒಂದು ಹೂವು. ಇಡೀ ದಿನ ನಮ್ಮನ್ನು ಆ ಲೇತಿನ ಮುಂದೆ ಹೊತ್ತು ನಿಲ್ಲಿಸುವ ಗಂಟಿಗೆ ಮಾತ್ರ ಏನೂ ಇಲ್ಲ. ಅದು ಮುನಿಸಿಕೊಂಡರೆ ಆಶ್ಚರ್ಯವೇನು?

ನನ್ನದು ಮೊದಲು ಮುನಿಸಿಕೊಂಡದ್ದು ಹುಡುಗಾಟದ ವಯಸ್ಸಿನಲ್ಲಿ, ರಾಜ್ಯೋತ್ಸವದ ಕಬಡ್ಡಿಯಲ್ಲಿ. ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಪ್ರತಿ ನವೆಂಬರಿನಲ್ಲೂ ಶೆಡ್ಡುಗಳ, ಅಂದರೆ ನಮ್ಮಂಥ ಸಣ್ಣ ವರ್ಕ್‌ಶಾಪುಗಳ, ನಡುವೆ ಪಂದ್ಯ ನಡೆಯುತ್ತದೆ. ಎದುರಾಳಿಯ ಗೆರೆ ದಾಟಿ ಹೋಗಿ, ಮುಟ್ಟಿ ಬರುವ ರೈಡರ್ ನಾನು. ಒಮ್ಮೆ ತಿರುಗುವಾಗ ಪಾದ ಒಳಕ್ಕೆ ಮಗುಚಿಕೊಂಡಿತು. ಅರಿಸಿನ, ಉಪ್ಪು, ಬಿಸಿ ಶಾಖ ಎಲ್ಲ ಆಯಿತು, ಊತ ಇಳಿಯಿತು, ವಾಸಿಯಾಯಿತೆಂದು ಮತ್ತೆ ಇಳಿದೆ. ಅಲ್ಲಿಂದ ಮುಂದೆ ಅದು ಪ್ರತಿ ವರ್ಷ ಉಳುಕತೊಡಗಿತು. ಆಟದಲ್ಲಿ ಉಳುಕಿದರೆ ಮರ್ಯಾದೆಯಾದರೂ ಇತ್ತು. ಬರಬರುತ್ತಾ ಬಿಎಂಟಿಸಿ ಬಸ್ ಇಳಿಯುವಾಗ ಉಳುಕಿತು, ಮದುವೆಮನೆಯಲ್ಲಿ ಊಟದ ಸಾಲಿಗೆ ಓಡುವಾಗ ಉಳುಕಿತು. "ನಿಮ್ ಕಾಲು ನನ್ ತಮ್ಮನ್ ಥರ ಕಣ್ರೀ," ಎಂದಳು ನನ್ನ ಹೆಂಡತಿ ಸುಶೀಲ. "ಬೇಕಾದಾಗ ಕೈ ಕೊಡುತ್ತೆ."

ಎದುರಾಳಿಗಳಿಗೂ ಈ ಸಂಗತಿ ಗೊತ್ತಾಗಿತ್ತು. ಲೋಹಕ್ಕೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನ ಮುನಿರಾಜು ಎಂಬ ಗಟ್ಟಿಗ, ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕಾಯುತ್ತಿದ್ದವನು, ನನ್ನ ಎಡಗಾಲನ್ನು ನನಗಿಂತ ಚೆನ್ನಾಗಿ ಬಲ್ಲವನಾಗಿದ್ದ. ವರ್ಷಕ್ಕೊಮ್ಮೆ ಅದನ್ನು ಹಿಡಿದು, ನನ್ನನ್ನು ಮಣ್ಣಿಗೆ ಕೆಡವಿ, ಎಬ್ಬಿಸಿ, ಬೆನ್ನಿನ ಧೂಳು ತಟ್ಟಿ ಕಳಿಸುತ್ತಿದ್ದ.

ನಮ್ಮ ಕಸುಬಿನವರ ಬುದ್ಧಿಯನ್ನು ಇಲ್ಲಿ ಹೇಳಬೇಕು. ಶೆಡ್ಡಿನಲ್ಲಿ ಏನಾದರೂ ಅಲ್ಲಾಡಿದರೆ ನಮಗೆ ಗೊತ್ತಿರುವ ಮದ್ದು ಒಂದೇ: ಬಿಗಿ ಮಾಡು. ನಟ್ಟು ಅಲ್ಲಾಡಿದರೆ ಬಿಗಿ ಮಾಡು, ಬೆಲ್ಟು ಜಾರಿದರೆ ಬಿಗಿ ಮಾಡು. ಹೀಗಾಗಿ ನನ್ನ ಕಾಲನ್ನೂ ಬಿಗಿ ಮಾಡಲು ಹೊರಟೆವು. ಯಾದಗಿರಿ ಕಡೆಯಿಂದ ಬಂದು ನನ್ನ ಬಳಿ ಕೆಲಸಕ್ಕಿರುವ ಬಸಪ್ಪ, ನಮ್ಮ ತಂಡದ ಇನ್ನೊಬ್ಬ ರೈಡರ್, ಅಳತೆ ತೆಗೆದುಕೊಂಡ. ಎರಡು ತೆಳು ಸ್ಟೀಲ್ ಪಟ್ಟಿ ಬಗ್ಗಿಸಿ, ಒಳಗೆ ಸ್ಪಂಜು ಹಾಕಿ, ಮೇಲೆ ರೆಕ್ಸಿನ್ ಹೊದಿಸಿ, ನಾಲ್ಕು ಬೋಲ್ಟಿನ ಒಂದು ಕವಚ ತಯಾರಿಸಿದೆವು. ಫಿನಿಶಿಂಗ್ ನೋಡಿದರೆ ವಿದೇಶಕ್ಕೆ ಕಳಿಸಬಹುದಿತ್ತು.

"ಅಣ್ಣಾರ, ಇನ್ನ ಆನಿ ತುಳುದ್ರೂ ನಿಮ್ಮ ಕಾಲು ಹೊಳ್ಳಂಗಿಲ್ರೀ," ಎಂದ ಬಸಪ್ಪ.

ಅವನ ಮಾತು ನಿಜವಾಯಿತು. ಅಭ್ಯಾಸದ ಮೊದಲ ತಿರುವಿನಲ್ಲೇ ಪಾದದ ಗಂಟು ಒಂದು ಕೂದಲೆಳೆಯಷ್ಟೂ ಹೊರಳಲಿಲ್ಲ. ಅದರ ಬದಲು ಮಂಡಿ ಹೊರಳಿತು. ಕೆಳಗೆ ದಾರಿ ಸಿಗದ ಸೆಳೆತ ಮೇಲೆ ಹತ್ತಿತ್ತು. ಇಷ್ಟು ವರ್ಷ ಲೇತಿನ ಮುಂದೆ ನಿಂತವನಿಗೆ, ಒಂದು ತುದಿಯನ್ನು ಅತಿಯಾಗಿ ಬಿಗಿದರೆ ನಡುಕ ಇನ್ನೊಂದು ಕಡೆ ಏಳುತ್ತದೆ ಎಂದು ಹೊಳೆಯಬೇಕಿತ್ತು. ಸ್ವಂತ ಕಾಲಿನ ವಿಷಯದಲ್ಲಿ ಮನುಷ್ಯನಿಗೆ ಸ್ವಂತ ಕಸುಬೂ ಮರೆತುಹೋಗುತ್ತದೆ.

ಕುಂಟುತ್ತಾ ಓಡಾಡುತ್ತಿದ್ದ ನನ್ನನ್ನು ನೋಡಿ ತಂಡದವರು ಸಭೆ ಸೇರಿದರು. ಈ ಬಾರಿ ಕೆಂಪಣ್ಣನವರಿಗೆ, ಅಂದರೆ ನನಗೆ, ವೇದಿಕೆಯ ಮೇಲೆ ಸನ್ಮಾನ ಎಂದು ತೀರ್ಮಾನವಾಯಿತು. ಶಾಲು, ಹಾರ, ಮೈಸೂರು ಪೇಟ. ನಮ್ಮ ಕಡೆ ಈ ಸನ್ಮಾನದ ಅರ್ಥ ಎಲ್ಲರಿಗೂ ತಿಳಿದದ್ದೇ. ಯಾರನ್ನು ಮೈದಾನದಿಂದ ಎಬ್ಬಿಸಬೇಕೋ ಅವರಿಗೆ ಪೇಟ ತೊಡಿಸಿ ಕುರ್ಚಿಯಲ್ಲಿ ಕೂರಿಸುವುದು.

"ನಾನಿನ್ನೂ ಬದುಕಿದೀನಿ ಕಣ್ರೋ," ಎಂದು ರೇಗಿದೆ. "ಈ ಸಲ ನಾನು ಆಡ್ತೀನಿ. ಒಂದೇ ಒಂದು ಸಲ ಈ ಕಾಲು ಉಳುಕಿದ್ರೆ, ನಾನೇ ಬಂದು ಕುರ್ಚೀಲಿ ಕೂರ್ತೀನಿ. ಆಮೇಲೆ ಈ ಅಂಕಣಕ್ಕೆ ಕಾಲಿಡಲ್ಲ."

ಆಡಿದ ಮೇಲೆ ಆ ಮಾತಿನ ಬೆಲೆ ಹೊಳೆಯಿತು. ಶಾಲೆ ಬಿಟ್ಟವನಿಗೆ ಆ ಅಂಕಣವೊಂದೇ ಎಲ್ಲರ ಬಾಯಲ್ಲಿ ತನ್ನ ಹೆಸರು ಕೇಳುವ ಜಾಗ. ಅದೂ ಹೋದರೆ ನಾನು ಬರೀ ಆರ್ಡರು, ಡೆಲಿವರಿ.

ಸುಶೀಲ ನನ್ನನ್ನು ಎಳೆದುಕೊಂಡು ಹೋದದ್ದು ದಾಸರಹಳ್ಳಿಯ ಒಬ್ಬ ಫಿಸಿಯೋಥೆರಪಿ ಮೇಡಂ ಬಳಿಗೆ. ನನ್ನ ದೊಡ್ಡ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮೊದಲು ಮಂಡಿ ನೋಡಿ, ಅದಕ್ಕೆ ವಿಶ್ರಾಂತಿ ಹೇಳಿದರು. ಅದು ಸರಿಹೋದ ಮೇಲೆ ಪಾದ ಹಿಡಿದು ಆಚೀಚೆ ಅಲ್ಲಾಡಿಸಿ, "ಎದ್ದು ಎಡಗಾಲ ಮೇಲೆ ಮಾತ್ರ ನಿಂತ್ಕೊಳ್ಳಿ ಸಾರ್," ಎಂದರು.

ನಿಂತೆ. "ಈಗ ಕಣ್ಣು ಮುಚ್ಚಿ."

ಮುಚ್ಚಿದೆ. ಮರುಕ್ಷಣ ಸುಶೀಲಳ ಮೇಲೆ ಬಿದ್ದಿದ್ದೆ.

"ನಿಮ್ ಕಾಲಲ್ಲಿ ಶಕ್ತಿ ಇದೆ ಸಾರ್. ಸುದ್ದಿ ಹೋಗ್ತಿಲ್ಲ ಅಷ್ಟೆ," ಎಂದರು ಮೇಡಂ. ಮೊದಲ ಸಲ ಉಳುಕಿದಾಗ ಗಂಟನ್ನು ಹಿಡಿದಿರುವ ನಾರು ಸಡಿಲವಾಗುತ್ತದಂತೆ. ಜೊತೆಗೆ, ಪಾದ ಈಗ ಓರೆಯಾಗುತ್ತಿದೆ ಎಂದು ತಲೆಗೆ ಹೇಳುವ ಸೂಕ್ಷ್ಮ ಅರಿವೂ ಮಂಕಾಗುತ್ತದಂತೆ. ತಲೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಯಜಮಾನ ನೆಲದ ಮೇಲಿರುತ್ತಾನೆ. ಊತ ಇಳಿದದ್ದನ್ನೇ ವಾಸಿಯೆಂದು ತಿಳಿದು ಆಟಕ್ಕಿಳಿಯುವವರೆಲ್ಲರ ಕಥೆ ಇದೇ. ಬಿಗಿದು ಕಟ್ಟಿದ್ದು ಸಾಕು, ಇನ್ನು ಕಾಲಿಗೆ ಪಾಠ ಹೇಳಿ ಎಂದರು. ಪಾಠ ಯಾವುದೆಂದರೆ, ದಿನವೂ ಒಂಟಿ ಕಾಲಲ್ಲಿ ನಿಲ್ಲುವುದು.

ಮಗ್ಗಿ ತಪ್ಪಿದಾಗಲೆಲ್ಲ ಮೇಷ್ಟ್ರು ನನಗೆ ಕೊಡುತ್ತಿದ್ದ ಶಿಕ್ಷೆಯೂ ಇದೇ! ಆಗ ಅದನ್ನು ಪುಕ್ಕಟೆಯಾಗಿ ಕೊಡುತ್ತಿದ್ದರು; ಈಗ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋಗಬೇಕು. ಯೋಚಿಸಿದರೆ, ಹಿಂದಿನ ಕಾಲದ ತಪಸ್ವಿಗಳೂ ಒಂಟಿ ಕಾಲಲ್ಲೇ ನಿಲ್ಲುತ್ತಿದ್ದರಂತೆ. ವರ ಸಿಕ್ಕಿತೋ ಇಲ್ಲವೋ, ಅವರ ಕಾಲು ಉಳುಕಿರಲಾರದು.

ಬೆಳಿಗ್ಗೆ ಹಲ್ಲುಜ್ಜುವಾಗ ನಿಂತೆ. ಲೇತಿನಲ್ಲಿ ಕಬ್ಬಿಣದ ಸಿಪ್ಪೆ ಸುರುಳಿ ಸುತ್ತುವಾಗ, ಒಂದಷ್ಟು ದೂರ ಸರಿದು ನಿಂತೆ. ಫೋನಿನಲ್ಲಿ ಗಿರಾಕಿಗಳಿಗೆ ಸಬೂಬು ಹೇಳುವಾಗಲೂ ನಿಂತೆ.

"ಏನ್ರೀ ಅಣ್ಣಾರ, ಮಳಿ ಬರ್ಲಿ ಅಂತ ನಿಂತೀರೇನು?" ಎಂದು ಬಸಪ್ಪ ಕಾಡಿದ.

"ನೀನೂ ನಿಂತ್ ನೋಡೋ ಮಗನೇ."

ನಿಂತ. ತೂರಾಡಿ ಡ್ರಮ್ಮು ಹಿಡಿದುಕೊಂಡ. ಮರುದಿನದಿಂದ ಅವನೂ ಶುರು ಮಾಡಿದ. ಆಮೇಲೆ ಮಿಕ್ಕವರು. ಮಾಲು ಕೇಳಲು ಬಂದ ಗಿರಾಕಿಯೊಬ್ಬರು ಟೀ ಹೊತ್ತಿನಲ್ಲಿ ನಮ್ಮ ಶೆಡ್ಡಿನೊಳಗೆ ಇಣುಕಿ, ಲೋಟ ಹಿಡಿದು ಸಾಲಾಗಿ ನಿಂತ ಕೊಕ್ಕರೆಗಳನ್ನು ಕಂಡು, ಹಾಗೇ ಹಿಂದೆ ಸರಿದು ಹೊರಗೆ ಕಾದರು.

ರಾಜ್ಯೋತ್ಸವ ಬಂತು. ವೇದಿಕೆಯ ಮೇಲೆ ಶಾಲು, ಪೇಟ ತಟ್ಟೆಯಲ್ಲಿ ತಯಾರಾಗಿದ್ದವು. ಪಂದ್ಯ ಪ್ಲೇಟಿಂಗ್ ಶೆಡ್ಡಿನವರ ಮೇಲೆ. ಕೊನೆಯ ರೈಡಿಗೆ ಬಂದಾಗ ಎರಡೂ ಕಡೆ ಅಂಕ ಸಮ. ಬಸಪ್ಪ ಔಟಾಗಿ ಹೊರಗಿದ್ದ. ನಾನೇ ಹೋಗಬೇಕಾಯಿತು.

"ಕಬಡ್ಡಿ, ಕಬಡ್ಡಿ" ಎನ್ನುತ್ತಾ ಗೆರೆ ದಾಟಿ, ಬಲಗಾಲು ಚಾಚಿ ಒಬ್ಬನನ್ನು ಮುಟ್ಟಿದೆ. ಹಿಂದಿರುಗುವಷ್ಟರಲ್ಲಿ ಮೂಲೆಯಿಂದ ಮುನಿರಾಜುವಿನ ಕೂಗು ಕೇಳಿತು. "ಬಲಗಾಲ್ ಹಿಡೀರ್ರೋ! ಎಡಗಾಲ್ ಬಿಡಿ, ಅದು ತಾನೇ ಮುರ್ಕೊಂಡ್ ಬೀಳುತ್ತೆ!"

ಎಷ್ಟು ಬುದ್ಧಿವಂತಿಕೆ ನೋಡಿ. ಒಳ್ಳೆಯ ಕಾಲನ್ನು ಕಟ್ಟಿಹಾಕಿದರೆ ಭಾರವೆಲ್ಲ ಕೆಟ್ಟ ಕಾಲಿನ ಮೇಲೆ. ಮುನಿರಾಜು ಧುಮುಕಿ ನನ್ನ ಬಲಗಾಲನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿದ. ಪಾಪ, ಅವನಿಗೇನು ಗೊತ್ತು, ಅವನು ನನ್ನನ್ನು ನನ್ನ ದಿನದ ಪಾಠಕ್ಕೆ ನಿಲ್ಲಿಸಿದ್ದಾನೆ ಎಂದು!

ಎಡಪಾದ ಒಳಕ್ಕೆ ಓರೆಯಾಯಿತು. ಆ ಕ್ಷಣ ನನಗೆ ಚಿರಪರಿಚಿತ. ಅದಾದ ಮೇಲೆ ನೋವು, ಮಣ್ಣು, ಜನರ ಅಯ್ಯೋ. ಈ ಬಾರಿ ಪಾದ ಓರೆಯಾಯಿತು, ನಡುಗಿತು, ಆಮೇಲೆ ನನ್ನನ್ನು ಕೇಳದೆ ತಾನಾಗಿಯೇ ನೆಟ್ಟಗಾಯಿತು. ಸುದ್ದಿ ಮುಟ್ಟಿತ್ತು! ಉಸಿರು ಬಿಡದೆ ಒಂಟಿ ಕಾಲಲ್ಲೇ ಕುಪ್ಪಳಿಸಿದೆ. ಮುನಿರಾಜು ಜೊತೆಯಲ್ಲೇ ಎಳೆದುಕೊಂಡು ಬಂದ. ಮುಂದಕ್ಕೆ ಬಿದ್ದು ಕೈ ಚಾಚಿದೆ. ಬೆರಳ ತುದಿಗೆ ನಡುಗೆರೆಯ ಸುಣ್ಣ ಹತ್ತಿತು.

ಶಿಳ್ಳೆ, ಕೂಗು, ತಮಟೆ. ಬಸಪ್ಪ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡ. ಮುನಿರಾಜು ಮಣ್ಣಿನಲ್ಲೇ ಕೂತು, "ಯಾವ ದೇವ್ರಿಗೆ ಹರಕೆ ಹೊತ್ತೆ ಗುರು?" ಎಂದ. "ದಾಸರಹಳ್ಳಿಗೆ ಬಾ, ತೋರಿಸ್ತೀನಿ," ಎಂದೆ.

ತಂದಿಟ್ಟ ಶಾಲನ್ನು ಸುಮ್ಮನೆ ಮಡಚಿಡುವುದು ಸರಿಯಲ್ಲವೆಂದು, ಸುಶೀಲಳ ಜೊತೆ ಪಂದ್ಯ ನೋಡಲು ಬಂದಿದ್ದ ಮೇಡಂ ಅವರನ್ನು ವೇದಿಕೆಗೆ ಕರೆದು ಹೊದಿಸಿದೆವು. ಪೇಟ ಅವರ ಕಿವಿಯವರೆಗೂ ಇಳಿಯಿತು. ಮೈಕು ನನ್ನ ಕೈಗೆ ಬಂದಾಗ, ಯಾರೂ ಏನೂ ಕಲಿಸಿಲ್ಲ ಎಂಬ ನನ್ನ ಹಳೆಯ ಮಾತನ್ನು ಎಲ್ಲರೆದುರು ವಾಪಸ್ಸು ತೆಗೆದುಕೊಂಡೆ. ಗಟ್ಟಿಯಾಗಿರುವುದು ಎಂದರೆ ಅಲ್ಲಾಡದೆ ಇರುವುದು ಎಂದುಕೊಂಡಿದ್ದೆ. ಅಲ್ಲಾಡಿಯೂ ಸರಿಯಾಗಿ ನಿಲ್ಲುವುದು ಎಂದು ಈಗ ಗೊತ್ತಾಗಿದೆ.

ಇವತ್ತಿಗೆ ನನ್ನ ಲೆಕ್ಕ ಹೀಗಿದೆ: ಶೆಡ್ಡು ಒಂದು, ಲೇತು ಮೂರು, ಜೊತೆಗೆ ದುಡಿಯುವವರು ಆರು ಜನ, ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಶಾಲೆ ಬಿಟ್ಟ ಮೇಲೆ ಪಾಸಾದ ಪರೀಕ್ಷೆ ಒಂದು, ಕಾಲು ಎರಡು.