ಚಿಗಳ್ಳಿಯಲ್ಲಿ ನಾಡಿ ಎಣಿಸಿದ್ದು

ಅರವತ್ತರ ದಶಕದ ನಡುವಿನ ಮಾತು. ಹಳಿಯಾಳದ ಜವಳಿ ವ್ಯಾಪಾರಿಯ ಮಗಳಾದ ನಾನು ಉತ್ತರದ ಕಡೆಯ ಒಂದು ದೊಡ್ಡ ಊರಿನಲ್ಲಿ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೆ. ಮಗಳು ದೊಡ್ಡ ಓದು ಓದುತ್ತಿದ್ದಾಳೆಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಯಾವ ಓದು ಎಂದು ಯಾರಾದರೂ ಕೇಳಿದರೆ ಮಾತ್ರ ಕಪಾಟಿನಿಂದ ಹೊಸ ಸೀರೆಗಳನ್ನು ಇಳಿಸತೊಡಗುತ್ತಿದ್ದರು.

ಕೊನೆಯ ವರ್ಷ ಒಂದು ಸಂಶೋಧನೆ ಮಾಡಿ ಪ್ರಬಂಧ ಬರೆಯಬೇಕಿತ್ತು. ನನ್ನ ಮಾರ್ಗದರ್ಶಕರು ಸೈನ್ಯದಿಂದ ನಿವೃತ್ತರಾಗಿ ಬಂದವರು, ನಿಂತಲ್ಲಿ ನಿಲ್ಲದ ಮನುಷ್ಯ. ಆಟ, ಕವಾಯತು ಏನೂ ಮಾಡದ ಹಳ್ಳಿ ಹೆಂಗಸರ ನಾಡಿ ವಿಶ್ರಾಂತಿಯಲ್ಲಿ ಎಷ್ಟಿರುತ್ತದೆ, ಮಣೆ ಹತ್ತಿ ಇಳಿದ ಮೇಲೆ ಎಷ್ಟಾಗುತ್ತದೆ, ಮತ್ತೆ ಎಷ್ಟು ಹೊತ್ತಿಗೆ ಮೊದಲಿನಂತಾಗುತ್ತದೆ, ಇದನ್ನು ಅಳೆದುಕೊಂಡು ಬಾ ಎಂದರು. ಒಂದು ಸ್ಟಾಪ್‌ವಾಚ್ ಕೊಟ್ಟರು. ಎತ್ತರದ ಮಣೆಯನ್ನು ನಾನೇ ಹಳಿಯಾಳದ ಬಡಿಗನ ಕಡೆ ಮಾಡಿಸಿಕೊಂಡೆ. ಅದನ್ನು ಬಸ್ಸಿನ ಮೇಲೆ ಹೇರಿಸಿ, ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿದ್ದ ಸೋದರತ್ತೆಯ ಮನೆಗೆ ಹೋದೆ.

ಅತ್ತೆಗೆ ಆಗ ಅರವತ್ತಮೂರು. ಹಣೆತುಂಬ ವಿಭೂತಿ, ಕೈತುಂಬ ಹೊಲದ ಕೆಲಸ. ಪಕ್ಕದ ಮನೆಯಲ್ಲೇ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಹಿತ್ತಲಿನ ಹುಣಸೇಮರ ಯಾರ ಪಾಲಿನದೆಂಬ ಜಗಳದಿಂದ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅತ್ತೆ ಓಣಿಯ ಹೆಂಗಸರಿಗೆಲ್ಲ ಹೇಳಿಕಳಿಸಿದಳು, ನೆಗೆಣ್ಣಿಯೊಬ್ಬಳನ್ನು ಬಿಟ್ಟು.

ಮೊದಲು ಬಂದವಳು ಹಲ್ಲಿಲ್ಲದ ಒಬ್ಬ ಮುದುಕಿ. ಮುಂಗೈ ಹಿಡಿದು, ಗಡಿಯಾರ ನೋಡುತ್ತ ಎಣಿಸಿದೆ.

"ನಾಡಿ ಏನಂತೈತಿ, ಯವ್ವಾ?"

"ತೊಂಬತ್ತು ಐತಿ, ಆಯಿ."

ಅವಳು ಎರಡೂ ಕೈ ಮುಗಿದಳು. "ಸಾಕವಾ, ಅಷ್ಟಾದ್ರ ಸಾಕು" ಎಂದು, ಮಣೆ ಹತ್ತದೆಯೇ ಎದ್ದು ಹೋದಳು. ವಯಸ್ಸಾದವಳು, ದಣಿದಿರಬೇಕು ಎಂದುಕೊಂಡೆ.

ಆಮೇಲೆ ಅತ್ತೆ ಕೂತಳು. ಅರವತ್ತನಾಲ್ಕು. ಆ ವಯಸ್ಸಿಗೆ ಅಂಥ ನಾಡಿ ಸಿಗುವುದು ಅಪರೂಪ. ನಾನು ಸಂತೋಷದಿಂದಲೇ ಹೇಳಿದೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, "ಹೂಂ" ಎಂದು ಒಳಗೆ ಹೋದಳು.

ಮರುದಿನದಿಂದ ಅತ್ತೆ ಬದಲಾದಳು. ಹೊಲಕ್ಕೆ ಹೋಗಲಿಲ್ಲ. ಟ್ರಂಕು ತೆರೆದು ಸೀರೆಗಳನ್ನು ಸೊಸೆಯಂದಿರಿಗೆ ಹಂಚಿದಳು. ನನ್ನ ತಟ್ಟೆಗೆ ಎರಡೆರಡು ಸಲ ತುಪ್ಪ ಬಡಿಸಿ, ತಲೆ ಸವರಿ, "ನಿಂದೇನು ತಪ್ಪಿಲ್ಲ ಬಿಡವಾ, ಇದ್ದದ್ದು ಹೇಳಿದಿ" ಅಂದಳು. ಎಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ, ನೆಗೆಣ್ಣಿಯ ಮನೆಗೆ ತಾನೇ ಹೋಗಿ, "ಹುಣಸೀಮರ ನೀನ ಇಟಗೋ" ಎಂದು ಬಂದಳು. ಇಬ್ಬರೂ ತಬ್ಬಿಕೊಂಡು ಅತ್ತರಂತೆ. ಹೆಂಗಸರು ಸಂಜೆ ಬಂದು ನನ್ನ ಕೈಗುಣವನ್ನು ಹೊಗಳಿದರು. ನನಗೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಸಂಶೋಧನೆಯೂ ಕೆಟ್ಟಿತು. ನಾಡಿ ತೋರಿಸಲು ಬರುವ ಹೆಂಗಸರೆಲ್ಲ ಏದುಸಿರು ಬಿಡುತ್ತಲೇ ಬರತೊಡಗಿದರು. ಒಬ್ಬಳು ಒನಕೆ ಒಗೆದು ಓಡಿ ಬಂದಿದ್ದಳು. ಇನ್ನೊಬ್ಬಳು ಕೊಡ ಹೊತ್ತು ಬಾವಿಯ ಸುತ್ತ ತಿರುಗಿದ್ದಳಂತೆ. ನೂರ ಹತ್ತು, ನೂರ ಇಪ್ಪತ್ತು. ಸ್ಟಾಪ್‌ವಾಚ್ ಕೆಟ್ಟಿತೇನೋ ಎಂದು ಕಿವಿಗಿಟ್ಟು ಕೇಳಿದೆ.

"ಸ್ವಲ್ಪ ಹೊತ್ತು ಸುಮ್ನ ಕೂಡ್ರಿ. ದಣಿವಾರಿದ ಮ್ಯಾಲ ನೋಡ್ತೇನಿ" ಅಂದರೆ ಒಬ್ಬರೂ ಒಪ್ಪಲಿಲ್ಲ.

"ಕೂತ್ರ ಕಡಿಮಿ ಆಕ್ಕೈತ್ರೀ. ಈಗ ಹಿಡೀರಿ, ಲಗೂ ಹಿಡೀರಿ."

ಕೂತರೆ ಇಳಿಯುತ್ತದೆ, ದುಡಿದರೆ ಏರುತ್ತದೆ ಎಂಬುದನ್ನು ನಾನು ಒಂದು ವರ್ಷ ಪಾಠ ಕೇಳಿ ಕಲಿತಿದ್ದೆ. ಚಿಗಳ್ಳಿಯ ಹೆಂಗಸರು ಒಂದು ವಾರದಲ್ಲಿ ಕಂಡುಕೊಂಡಿದ್ದರು. ನಿಯಮದ ಪ್ರಕಾರ ನನಗೆ ಸಿಕ್ಕವಳು ಇನ್ನೊಬ್ಬ ಮುದುಕಿ ಮಾತ್ರ. ಅವಳ ಸೊಸೆ ಅವಳನ್ನು ಕೈಹಿಡಿದು ತಂದು, ಗೋಡೆಗೆ ಒರಗಿಸಿ ಕೂಡಿಸಿ, ತಣ್ಣೀರು ಕುಡಿಸಿ, ಸೆರಗಿನಿಂದ ಗಾಳಿ ಬೀಸಿದಳು. "ನಮ್ಮತ್ತಿ ಭಾಳ ದಣದಾಳ್ರಿ. ಇನ್ನೂ ಸ್ವಲ್ಪ ಹೊತ್ತು ಕೂಡ್ರಲಿ" ಎಂದು ನನ್ನನ್ನೇ ತಡೆದಳು. ಅಂಥ ತಿಳಿವಳಿಕೆಯ ಹುಡುಗಿ ಊರಿಗೊಬ್ಬಳು ಇರಬೇಕೆಂದು ನಾನು ಮನಸಾರೆ ಹೊಗಳಿದೆ. ಮುದುಕಿಗೆ ಎಪ್ಪತ್ತು ಬಂತು. ಅವಳು ಸೊಸೆಯ ಕೈ ಕೊಸರಿಕೊಂಡು ಒಬ್ಬಳೇ ಮನೆಗೆ ನಡೆದಳು.

ಕೊನೆಗೆ ಊರಗೌಡರೇ ಬಂದರು. ಇದು ಹೆಂಗಸರಿಗೆ ಮಾತ್ರ ಎಂದು ಹೇಳಿದರೂ ಕೇಳದೆ ಕೈ ಚಾಚಿದರು. ನೋಡಿದೆ. "ಐವತ್ತೆಂಟ್ರಿ, ಗೌಡ್ರ. ಭಾಳ ಚಲೋ ಐತಿ."

ಗೌಡರು ಕೈ ಹಿಂದಕ್ಕೆಳೆದುಕೊಂಡರು. ಬಾಗಿಲಲ್ಲಿ ನೆರೆದಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು.

"ಏನು ಚಲೋ ಐತಿ?" ಎಂದರು ಗೌಡರು. "ಹ್ವಾದ ವರ್ಷ ನನಗ ಎಪ್ಪತ್ತು ತುಂಬೇತಿ. ಐವತ್ತೆಂಟಕ್ಕ ನಾ ಸತ್ತಿದ್ರ, ಇಲ್ಲೀತನಕ ಈ ಊರಾಗ ಗೌಡಕಿ ಮಾಡಿದಾವ ಯಾರು?"

ಆಗ ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಮುದುಕಿ ಕೈ ಮುಗಿದದ್ದು, ಅತ್ತೆ ಸೀರೆ ಹಂಚಿದ್ದು, ಬಾವಿಯ ಸುತ್ತ ತಿರುಗಿದ್ದು. ನನ್ನತ್ತೆ ಬರುವ ವರ್ಷ ಸಾಯಲು ಸಿದ್ಧಳಾಗಿ ಕೂತಿದ್ದಳು. ನಗು ಬಂತು, ಅತ್ತೆಯ ಮುಖ ನೋಡಿ ನಗಲಾಗಲಿಲ್ಲ.

"ಇದು ಆಯುಷ್ಯ ಅಲ್ರೀ" ಎಂದು ಎಲ್ಲರಿಗೂ ವಿವರಿಸಿದೆ. ಎದೆ ಒಂದು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂಬ ಲೆಕ್ಕ ಅಷ್ಟೆ; ಕಡಿಮೆ ಇದ್ದವರ ಗುಂಡಿಗೆಯೇ ಗಟ್ಟಿ ಎಂದೆ. ಗೌಡರು ಸಮಾಧಾನದಿಂದ ಮೀಸೆ ಸವರಿಕೊಂಡರು. ಆದರೆ ನೂರ ಇಪ್ಪತ್ತು ಗಳಿಸಿದ್ದವಳು ಸಿಟ್ಟಾದಳು. "ಗೌಡ್ರಿಗೆ ಕಡಿಮಿ ಬಂತಂತ ಈಗ ಮಾತು ತಿರುಗಸ್ತೀರಿ" ಅಂದಳು. ಮೊದಲು ಬಂದಿದ್ದ ಮುದುಕಿಯಂತೂ, "ಕೊಟ್ಟದ್ದ ತಿರುಗಿ ಇಸಕೋಬ್ಯಾಡವಾ" ಎಂದು ಹೊರಟೇಹೋದಳು.

ಅತ್ತೆ ರಾತ್ರಿ ಊಟದ ಹೊತ್ತಿಗೆ ಬಾಯಿ ಬಿಟ್ಟಳು. "ಅಂದ್ರ ನಾ ಸಾಯೂದಿಲ್ಲ?"

"ಇಷ್ಟರಾಗ ಇಲ್ಲ, ಅತ್ತಿ."

"ಸೀರಿ ಹೋದ್ರ ಹೋಗ್ಲಿ. ಹುಣಸೀಮರ?"

ಅಷ್ಟರಲ್ಲಿ ನೆಗೆಣ್ಣಿ ಒಂದು ಬಟ್ಟಲು ಹುಣಸೆಕಾಯಿ ಚಟ್ನಿ ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಅತ್ತೆ ಚಟ್ನಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ "ಕೂಡ್ರು" ಅಂದಳು. ಆಮೇಲಿನ ವರ್ಷಗಳಲ್ಲಿ ಇಬ್ಬರೂ ದಿನಾಲು ಜಗಳಾಡುತ್ತಿದ್ದರು, ಆದರೆ ಮಾತು ಬಿಡಲಿಲ್ಲ.

ಚಿಗಳ್ಳಿಯ ಅಳತೆಗಳನ್ನೆಲ್ಲ ಕೈಬಿಟ್ಟು ನಾನು ದಾಂಡೇಲಿಗೆ ಹೋದೆ. ಅಲ್ಲಿ ಬಂಗೂರನಗರದಲ್ಲಿ, ಕಾಗದದ ಕಾರ್ಖಾನೆಯ ನೌಕರರ ಮನೆಗಳಲ್ಲಿ ಮೊದಲಿನಿಂದ ಶುರು ಮಾಡಿದೆ. ಈ ಸಲ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬಾರದೆಂದು ನಿಶ್ಚಯಿಸಿದ್ದೆ. ಹೇಳದಿದ್ದರೆ ಏನೋ ಕೆಟ್ಟದ್ದೇ ಇರಬೇಕೆಂದು ಒಬ್ಬ ಗುಮಾಸ್ತರ ಹೆಂಡತಿ ಅಳಲು ಶುರು ಮಾಡಿದಳು. ಅಂದಿನಿಂದ ಎಲ್ಲರಿಗೂ ಒಂದೇ ದನಿಯಲ್ಲಿ "ಚಲೋ ಐತ್ರಿ" ಎನ್ನುತ್ತ ಬಂದೆ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು, ಹಳ್ಳಿಯ ಹೆಂಗಸರ ಅಧ್ಯಯನ ಪಟ್ಟಣಕ್ಕೆ ಹೇಗೆ ಬಂತು ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಆ ಗೌಡರ ನಾಡಿಯನ್ನು ಕೂತಾಗ ನೋಡಿದ್ದೋ ನಿಂತಾಗಲೋ ಎಂದು ಬಹಳ ಗಂಭೀರವಾಗಿ ಕೇಳಿದರು. ಕೂತಾಗ ಎಂದೆ. ತಲೆಯಾಡಿಸಿ, ಪುಟ ತಿರುವಿದರು. ನಾನು ಪಾಸಾದೆ.